ಹತ್ತು ಮಂದಿಯ ಊಟ

೩ ಜನವರಿ ೧೯೭೮, ವಿಜಾಪುರ

ಬಸಗೊಂಡಪ್ಪ ಹೊಸ ವರ್ಷದ ಡೈರಿ ಕೊಟ್ಟ. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಸಣ್ಣ ಛಾಪಖಾನೆ. ಲಗ್ನಪತ್ರಿಕೆ, ಕರಪತ್ರ ಇಂಥವೇ ಅವನ ಹೊಟ್ಟೆಪಾಡು. “ಮಾಸ್ತರ್ರ, ಇದರಾಗರ ಸಣ್ಣ ಅಕ್ಷರ ಬರೀರಿ. ನಿಮ್ಮ ಒಂದ ಪುಟ ನಂದ ಅರ್ಧ ಪುಟ ಆಗತೈತಿ,” ಎಂದ. ನನ್ನ ದುಂಡಕ್ಷರ ಕಂಡರೆ ಅವನಿಗೆ ಹೊಟ್ಟೆಕಿಚ್ಚು.

ಡೈರಿಯನ್ನು ಕನ್ನಡದಲ್ಲಿ ಬರೆಯುತ್ತೇನೆ. ಜುಲೇಖಾಗೆ ಓದಲು ಬರುವುದು ಉರ್ದು ಮಾತ್ರ. ಹೆಂಡತಿಯಿಂದ ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ, ಆದರೂ ಇರಲಿ.

ಪುಸ್ತಕದ ಕೆಲಸ ಸಾಗಿದೆ. ನಮ್ಮ ಹಳ್ಳಿಗಳ ಕಡೆ ಎಷ್ಟೋ ಮುಸಲ್ಮಾನರ ಮನೆಗಳಲ್ಲಿ ಮಾತೂ ಕನ್ನಡ, ಓದೂ ಕನ್ನಡ. ಕುರಾನನ್ನು ಅರಬ್ಬಿಯಲ್ಲಿ ತಪ್ಪಿಲ್ಲದೆ ಓದುತ್ತಾರೆ, ಅರ್ಥ ಕೇಳಿದರೆ ಮಾಳಿಗೆ ನೋಡುತ್ತಾರೆ. ಅಂಥವರಿಗಾಗಿ ಕುರಾನಿನ ಮುನ್ನೂರು ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುತ್ತಿದ್ದೇನೆ, ಅ ಇಂದ ಹ ವರೆಗೆ. ಮಿಲಾದ್ ಹಬ್ಬಕ್ಕೆ ಅಚ್ಚಾಗಿ ಬರಬೇಕು. ಮುನ್ನುಡಿಯ ಮೊದಲ ಸಾಲು ಆಗಲೇ ಸಿದ್ಧವಿದೆ: “ಮೂವತ್ತು ವರ್ಷ ಕುರಾನ್ ಕಲಿಸಿದ ಅನುಭವದ ಬಲದಿಂದ ಇಸಾಕ ಮುಲ್ಲಾ ಆದ ನಾನು...” ಸಾಲು ಚೆನ್ನಾಗಿ ಬಂದಿದೆ.

ಬಸಗೊಂಡಪ್ಪ, “ಆಯತ್ ಅಂದ್ರ ಏನ್ರಿ?” ಎಂದು ಕೇಳಿದ. “ಸಾಲು” ಎಂದೆ, ತಡಮಾಡದೆ. ಮನೆಗೆ ಬಂದು ತಫ್ಸೀರ್ ತೆಗೆದೆ. ಹೈದರಾಬಾದಿನಿಂದ ತರಿಸಿದ ಉರ್ದು ಗ್ರಂಥ, ಕುರಾನಿನ ಒಂದೊಂದು ಮಾತನ್ನೂ ಬಿಡಿಸಿ ಅರ್ಥ ಹೇಳುತ್ತದೆ. ಆಯತ್ ಅಂದರೆ ಕುರುಹು, ನಿಶಾನಿ; ಕುರಾನಿನ ವಚನಕ್ಕೆ ಆ ಹೆಸರು ಬಂದದ್ದೂ ಅದರಿಂದಲೇ. ಹಾಳೆಯಲ್ಲಿ ಸರಿಯಾಗಿಯೇ ಬರೆದಿದ್ದೇನೆ. ಅವನು ಕೇಳಿದರೆ, ಅದನ್ನೇ ಹೇಳಿದ್ದೆನಲ್ಲ ಅಂದರಾಯಿತು.

೯ ಜನವರಿ

ಕ ಅಕ್ಷರಕ್ಕೆ ಬಂದೆ. ಕಫ್ಫಾರಾ ಎಂಬ ಪದ. ಸಲೀಸು ಅಂದುಕೊಂಡೆ, ರಮಜಾನಿನ ರೋಜಾ ಉಪವಾಸ ಮುರಿದವನು ಮಾಡುವ ಪ್ರಾಯಶ್ಚಿತ್ತ. ಬರೆದೂಬಿಟ್ಟೆ. ಇರಲಿ, ತಫ್ಸೀರ್ ಒಮ್ಮೆ ನೋಡೋಣ ಎಂದು ಮಾಯಿದಾ ಸೂರಾ, ಕುರಾನಿನ ಐದನೇ ಅಧ್ಯಾಯ, ತೆಗೆದೆ.

ಅಲ್ಲಿ ಆಣೆಯ ಮಾತಿದೆ. ಬಾಯಿತಪ್ಪಿ ಇಟ್ಟ ಆಣೆಗೆ ದೇವರು ಹಿಡಿಯುವುದಿಲ್ಲ. ಮನಸ್ಸಿಟ್ಟು ಮಾಡಿದ ಆಣೆ ಮುರಿದರೆ ಅದಕ್ಕೆ ಕಫ್ಫಾರಾ ಉಂಟು: ಹತ್ತು ಮಂದಿ ಮಿಸ್ಕೀನರಿಗೆ, ಅಂದರೆ ಇಲ್ಲದವರಿಗೆ, ನಿಮ್ಮ ಮನೆಯವರಿಗೆ ದಿನಾ ಉಣಿಸುವಂಥ ಊಟ ಹಾಕುವುದು. ಇಲ್ಲವೇ ಅವರಿಗೆ ಬಟ್ಟೆ ಕೊಡುವುದು. ಅದೂ ಆಗದಿದ್ದರೆ ಮೂರು ದಿನ ಉಪವಾಸ. ಕೆಳಗೆ ವಿವರಣೆ ಇನ್ನೂ ಇದೆ: ಸಂಬಂಧ ಕಡಿಯುವ ಆಣೆ ಇಟ್ಟವನು ಅದನ್ನು ಮುರಿಯುವುದೇ ಸರಿ. ಮೊದಲು ಮುರಿಯಬೇಕು, ಆಮೇಲೆ ಉಣಿಸಬೇಕು.

ಈ ಆಯತ್ ನನಗೆ ಬಾಯಿಪಾಠ. ಟಿಕೋಟಾದಲ್ಲಿ ನಾನು ಮಾಯಿದಾ ಸೂರಾ ಓದಿದರೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಕಣ್ಣೂ ತುಂಬುತ್ತಿದ್ದವು. ಯಾತಕ್ಕೆ ತುಂಬುತ್ತಿದ್ದವೋ ಅಲ್ಲಾಹನೇ ಬಲ್ಲ.

ಇವತ್ತಿಗೆ ಸಾಕು.

೧೦ ಜನವರಿ

ಬರೆದಿಡುವುದೇ ಒಳ್ಳೆಯದು. ಓದುವವರು ಯಾರೂ ಇಲ್ಲ.

ಸಾಲಿ ಮಾಸ್ತರನಾಗಿ ಇಲ್ಲಿಗೆ ಬರುವ ಮೊದಲು ನಾನು ಟಿಕೋಟಾದ ಮಸೀದಿಯಲ್ಲಿ ಮುಲ್ಲಾ. ಅಲ್ಲಿ ಮೌಲಾಸಾಬ ಎಂಬ ಪಿಂಜಾರ, ಹತ್ತಿ ಹಿಂಜಿ ಗಾದಿ ಹೊಲಿಯುವವನು. ಅವನ ಒಬ್ಬಳೇ ತಂಗಿ ಪೀರಾಂಬಿಯನ್ನು ಬಬಲೇಶ್ವರದ ಹಸನಸಾಬನಿಗೆ ಕೊಟ್ಟಿದ್ದರು. ೧೯೬೫ರಲ್ಲಿ ಪೀರಾಂಬಿಯ ಮಗಳ ಮದುವೆ. ಸೋದರಮಾವ ಮೌಲಾಸಾಬ ತಾನೇ ಹಿಂಜಿದ ಹತ್ತಿಯ ಜೋಡಿ ಗಾದಿಯನ್ನು ಬಂಡಿಯಲ್ಲಿ ಹೇರಿಕೊಂಡು ಹೊರಟ. ಹಾದಿಯಲ್ಲಿ ಬಂಡಿಯ ಅಚ್ಚು ಮುರಿಯಿತು. ಅವನು ಮುಟ್ಟುವಷ್ಟರಲ್ಲಿ ನಿಕಾಹ್ ಮುಗಿದು ಜನ ಉಣ್ಣಲು ಕೂತಿದ್ದರು. ಮಾವನಿಗಾಗಿ ಒಂದು ತಾಸು ಕಾಯಲಿಲ್ಲ. ಗಾದಿಯನ್ನು ಇಳಿಸದೆ ಹಾಗೇ ತಿರುಗಿ ಬಂದ.

ಮರುದಿನ ಮಸೀದಿಯಲ್ಲಿ ಕುರಾನಿನ ಮೇಲೆ ಬಲಗೈ ಇಟ್ಟು ಆಣೆ ಮಾಡಿದ: ಪೀರಾಂಬಿಯ ಹೊಸ್ತಿಲು ತುಳಿಯುವುದಿಲ್ಲ, ಅವಳ ಕೈ ನೀರು ಕುಡಿಯುವುದಿಲ್ಲ, ಅವಳ ಮುಖ ನೋಡುವುದಿಲ್ಲ. ಕುರಾನ್ ಎತ್ತಿ ಹಿಡಿದಿದ್ದವನು ನಾನೇ.

ಎರಡು ತಿಂಗಳಿಗೆ ಸಿಟ್ಟು ಇಳಿಯಿತು, ಆಣೆ ಉಳಿಯಿತು. ಅವನ ಹೆಂಡತಿ ಮಾಶಾಬಿ ತಲೆತುಂಬ ಸೆರಗು ಹೊದ್ದು ನಮ್ಮ ಮನೆಗೆ ಬಂದಳು. ಕಟ್ಟೆಯ ಮೇಲೆ ನಾಲ್ಕು ಜನ ಹಿರಿಯರಿದ್ದರು. “ಮುಲ್ಲಾಸಾಬ್ರ, ಇವ್ರು ರಾತ್ರಿ ತಂಗಿನ್ನ ನೆನಸಿಕೊಂಡ ಅಳತಾರ್ರಿ. ಇದಕ್ಕ ಬಿಡಗಡಿ ಇಲ್ಲೇನ್ರಿ?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಮಾತು ಬಾಯಿಗೆ ಬರಲಿಲ್ಲ. ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. “ಇಲ್ಲ,” ಎಂದೆ. “ಕಿಯಾಮತ್ ತನಕಾ, ಜಗತ್ತ ಮುಳಗೂ ತನಕಾ ಇಲ್ಲ.” ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಇನ್ನೊಂದು ಸೇರಿಸಿದೆ: “ಮುರದ್ರ ಆಣಿ ಮಾಡಿದ ಕೈ ಬಿದ್ದ ಹೋಗತೈತಿ.” ಇದನ್ನು ಯಾರೂ ನನಗೆ ಕಲಿಸಿರಲಿಲ್ಲ. ಹೇಳುವಾಗ ದನಿ ಗಂಭೀರವಾಗಿತ್ತು, ಹಿರಿಯರು ತಲೆದೂಗಿದರು, ನನಗೆ ಹಿತವೆನಿಸಿತು.

ಇವತ್ತು ಬರೆಯುವಾಗ ಕಿವಿ ಬಿಸಿಯಾಗಿವೆ.

೧೩ ಜನವರಿ, ಶುಕ್ರವಾರ

ಜುಮ್ಮಾ ನಮಾಜು ಮುಗಿಸಿ ಹೊರಬಂದರೆ ಬಾಗಿಲಲ್ಲಿ ಪೀರಾಂಬಿಯ ಗಂಡ ಹಸನಸಾಬ. ನೆನೆದವರ ಮನದಲ್ಲಿ ಅನ್ನುತ್ತಾರೆ, ನಾನು ನೆನೆದದ್ದು ಯಾವ ಮುಖದಿಂದ. ಪೀರಾಂಬಿಗೆ ಹೊಟ್ಟೆಯಲ್ಲಿ ಗಡ್ಡೆಯಂತೆ. ಹತ್ತು ದಿನ ಇಲ್ಲಿಯ ದವಾಖಾನೆಯಲ್ಲಿ ಇಟ್ಟುಕೊಂಡು, ಮನೆಗೆ ಕರೆದುಕೊಂಡು ಹೋಗಿ ಎಂದರಂತೆ.

“ಗಂಜಿನೂ ಇಳಿಯವಲ್ದ್ರಿ. ಒಂದ ಹಟಾ ಹಿಡದಾಳ, ಅಣ್ಣನ್ನ ಕರಸ್ರಿ ಅಂತ. ನಾ ಟಿಕೋಟಾಕ್ಕ ಹೋಗಿ ಕಾಲ ಹಿಡದ ಬಂದೆ. ಅಂವ ಗ್ವಾಡಿ ಕಡೆ ಮಾರಿ ಮಾಡಿ ಅತ್ತ. ಆಣಿ ಐತಿ, ನಾ ಏನ್ ಮಾಡ್ಲಿ ಅಂದ. ನೀವು ಓದಿದವ್ರು. ಏನರ ಹಾದಿ ಐತೇನ್ರಿ ಮಾಸ್ತರ್ರ?”

ಹಾದಿ ನನ್ನ ಮೇಜಿನ ಮೇಲೆ ನಾಲ್ಕು ದಿನದಿಂದ ತೆರೆದು ಬಿದ್ದಿತ್ತು. “ದುವಾ ಮಾಡ್ತೇನ್ರಿ,” ಎಂದೆ.

ಅವನು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೋದ.

೧೪ ಜನವರಿ

ಹೆಸರು ಹಾಕದೆ ಮೌಲಾಸಾಬನಿಗೆ ಒಂದು ಕಾರ್ಡು ಬರೆದೆ. ಅಕ್ಷರ ನೋಡಿದರೆ ಇಡೀ ಟಿಕೋಟಾಕ್ಕೆ ಗೊತ್ತಾಗುತ್ತದೆ. ಎಡಗೈಯಿಂದ ಬರೆದು ನೋಡಿದೆ. ಐವತ್ತೆರಡು ವರ್ಷದ ಮಾಸ್ತರ ಎಡಗೈಯಿಂದ ಕಾರ್ಡು ಬರೆಯುತ್ತ ಕೂತಿದ್ದಾನೆ. ಎರಡನ್ನೂ ಹರಿದೆ.

೧೬ ಜನವರಿ

ಉಪಾಯ ಹೊಳೆದಿದೆ. ಕಫ್ಫಾರಾ ಇರುವ ಪುಟವನ್ನು ಬಸಗೊಂಡಪ್ಪನಿಂದ ಮೊದಲು ಅಚ್ಚು ಹಾಕಿಸಿ ನಾನೇ ಟಿಕೋಟಾಕ್ಕೆ ಒಯ್ಯುವುದು. ಅಚ್ಚಾದ ಮಾತಿಗೆ ಜನ ಬೆಲೆ ಕೊಡುತ್ತಾರೆ. ದೊಡ್ಡ ದೊಡ್ಡ ಆಲಿಮರು, ಧರ್ಮಶಾಸ್ತ್ರ ಬಲ್ಲವರು, ಈಗ ಹೀಗೆ ಹೇಳಿದ್ದಾರೆ ಎಂದರಾಯಿತು. ಹಿಂದಿನದನ್ನು ಯಾರು ಕೆದಕುತ್ತಾರೆ.

ಬಸಗೊಂಡಪ್ಪ ಅಚ್ಚಿನ ಮೊಳೆ ಜೋಡಿಸುತ್ತ ಪುಟವನ್ನು ಪೂರ್ತಿ ಓದಿದ. “ಚಲೋ ಐತ್ರಿ ಇದು. ಆಣಿ ಮುರದವಗ ಹಾದಿ ಐತಿ. ಹಿಂದ ತಪ್ಪ ಅರ್ಥ ಹೇಳಿದವಗೂ ಏನರ ಐತೇನ್ರಿ?” ಎಂದ. ಅವನಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಕೇಳಿದ. ಚಹ ತರಿಸಿದ್ದ, ಕುಡಿಯದೆ ಎದ್ದು ಬಂದೆ.

೧೮ ಜನವರಿ

ಸಾಲಿಗೆ ರಜೆ ಹಾಕಿ ಟಿಕೋಟಾಕ್ಕೆ ಹೋದೆ. ಮೌಲಾಸಾಬನ ಅಂಗಡಿಯಲ್ಲಿ ಹತ್ತಿ ಹಿಂಜುವ ಬಿಲ್ಲಿನ ನಾರಿ ಝುಂ ಎನ್ನುತ್ತಿತ್ತು, ಅವನ ಮೀಸೆ ಹುಬ್ಬಿನ ಮೇಲೆಲ್ಲ ಹತ್ತಿ. ನನ್ನನ್ನು ಕಂಡೊಡನೆ ಬಿಲ್ಲು ಕೆಳಗಿಟ್ಟು ಎದ್ದ. ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿದ ಜೋಡಿ ಗಾದಿ ಇತ್ತು. ಅದು ಯಾವುದೆಂದು ಕೇಳಬೇಕಾಗಿರಲಿಲ್ಲ. ಅಂಗಡಿಯಲ್ಲಿ ಇನ್ನೂ ಮೂವರು ಕೂತಿದ್ದರು.

ಪುಟ ಓದಿ ಹೇಳಿದೆ. ದೊಡ್ಡ ಆಲಿಮರ ಹೆಸರು ಹೇಳಿದೆ. ಮೌಲಾಸಾಬ ಗಮನವಿಟ್ಟು ಕೇಳಿದ. ಆಮೇಲೆ ಬಲಗೈಯನ್ನು ಮುಂದೆ ಚಾಚಿ ನೋಡಿಕೊಂಡ.

“ಅವ್ರು ಯಾರೋ ನನಗ ಗೊತ್ತಿಲ್ರಿ. ನನಗ ಗೊತ್ತಿರೂದು ನೀವು. ನೀವ ಅಂದೀರಿ, ಕೈ ಬಿದ್ದ ಹೋಗತೈತಿ ಅಂತ. ನಾ ಪಿಂಜಾರ ಅದೇನ್ರಿ ಮುಲ್ಲಾಸಾಬ್ರ. ಕೈ ಹೋದ್ರ ಮನ್ಯಾಗಿನವ್ರಿಗೆಲ್ಲಾ ಯಾರ ಉಣ್ಣಾಕ ಹಾಕ್ತಾರ?”

“ಈಗ ಹಂಗ ಇಲ್ಲಂತಾರ...”

“ಅಂತಾರ ಬ್ಯಾಡ್ರಿ. ನೀವ ಅಂದದ್ದ ಸುಳ್ಳೇನು? ಅಷ್ಟ ಹೇಳ್ರಿ, ಈಗ ಎದ್ದ ಹೋಗ್ತೇನಿ.”

ಮೂವರೂ ನನ್ನ ಮುಖ ನೋಡುತ್ತಿದ್ದರು. ಅದರಲ್ಲಿ ಒಬ್ಬ ನನ್ನ ಹತ್ತಿರವೇ ಅಲಿಫ್ ಬೇ ಕಲಿತವನು. ಹದಿಮೂರು ವರ್ಷದ ಹಿಂದೆ ಕಟ್ಟೆಯ ಮೇಲೆ ಆದದ್ದೇ ಮತ್ತೆ ಆಯಿತು. “ಸುಳ್ಳಂತಲ್ಲ, ಅದರಾಗ ಬಾಳ ವಿಚಾರ ಅದಾವು,” ಎಂದೆ. ಮಾಶಾಬಿ ಒಳಗಿನಿಂದ ಚಹ ತಂದಿಟ್ಟಳು. ಏನೂ ಕೇಳಲಿಲ್ಲ.

ಮೂರು ಗಂಟೆಯ ಬಸ್ಸಿಗೆ ತಿರುಗಿ ಬಂದೆ. ಅಲ್ಲಿ ಒಬ್ಬಳು ಸಾಯುತ್ತಿದ್ದಾಳೆ. ನಾನು ಒಂದು ಶಬ್ದ ಅನ್ನಲಾರದೆ ಟಿಕೀಟು ತೆಗೆಸಿ ಕಿಟಕಿ ಪಕ್ಕ ಕೂತು ಬಂದೆ. ಥೂ ನನ್ನ ಜನ್ಮಕ್ಕೆ.

೧೯ ಜನವರಿ

ಊಟ ಸೇರಲಿಲ್ಲ. ಜುಲೇಖಾ ತಾಟು ಎತ್ತುತ್ತ ಒಂದು ಮಾತು ಕೇಳಿದಳು. ಮನೆಮಾತು ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

“ಕೈ ಬಿದ್ದು ಹೋಗೂದು ಯಾವ ಸೂರಾದಾಗ ಐತ್ರಿ? ಮಾಯಿದಾದಾಗ ಹುಡುಕಿದೆ, ಸಿಗಲಿಲ್ಲ.”

ತಫ್ಸೀರನ್ನು ನಾನು ತೆರೆದೇ ಇಟ್ಟಿದ್ದೆ. ಅವಳು ದಿನಾ ಮೇಜು ಒರೆಸುತ್ತಾಳೆ, ಉರ್ದು ನನಗಿಂತ ಚೆನ್ನಾಗಿ ಓದುತ್ತಾಳೆ. ಅವತ್ತು ಮಾಶಾಬಿ ಬಂದಾಗ ಪರದೆಯ ಹಿಂದೆ ಇವಳೇ ನಿಂತಿದ್ದಳು. ಡೈರಿಯನ್ನು ಯಾರಿಂದ ಮುಚ್ಚಿಡಲು ಕನ್ನಡದಲ್ಲಿ ಬರೆಯುತ್ತ ಕೂತಿದ್ದೆನೋ.

“ಎಲ್ಲೂ ಇಲ್ಲ,” ಎಂದೆ.

“ಹಂಗಾರ ನಾಳೆ ಶುಕ್ರವಾರ,” ಎಂದು ಒಳಗೆ ಹೋದಳು.

೨೦ ಜನವರಿ, ಶುಕ್ರವಾರ. ಬಬಲೇಶ್ವರದಲ್ಲಿ, ಹಸನಸಾಬನ ಪಡಸಾಲೆಯಲ್ಲಿ ಕೂತು ಬರೆದದ್ದು

ಟಿಕೋಟಾದ ಮಸೀದಿಯಲ್ಲಿ ಜುಮ್ಮಾ ಮುಗಿದ ಮೇಲೆ ಈಗಿನ ಮುಲ್ಲಾನ ಅಪ್ಪಣೆ ಕೇಳಿ ಎದ್ದು ನಿಂತೆ. ಬಸ್ಸಿನಲ್ಲಿ ಕೂತು ಒಳ್ಳೆಯ ಮಾತು ಹೊಂದಿಸಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ.

“ಮೌಲಾಸಾಬನ ಆಣಿಗೆ ಬಿಡಗಡಿ ಇಲ್ಲ ಅಂತ ನಾ ಹೇಳಿದ್ದೆ. ಅದು ತಪ್ಪು. ಕುರಾನಿನಾಗ ಬಿಡಗಡಿ ಐತಿ, ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಬಂತು. ಕೈ ಬಿದ್ದ ಹೋಗತೈತಿ ಅಂದದ್ದು ಎಲ್ಲೂ ಇಲ್ಲ. ಅದನ್ನ ನಾನ ಹುಟ್ಟಿಸಿದೆ.”

ಹಿಂದಿನ ಸಾಲಿನಿಂದ ಒಬ್ಬ ಮುದುಕ, “ಹಂಗಾರ ನನ್ನ ಹೆಂಡತಿ ರೋಜಾದ್ದು ನೀವು ಹೇಳಿದ್ದು ಖರೇನೋ, ಅದೂ ಹಿಂಗನೋ?” ಎಂದ. ಇನ್ನೊಬ್ಬ ತಂದೆಯ ಸಮಾಧಿಯ ಮಾತು ತೆಗೆದ. ಮತ್ತೊಬ್ಬ ತಲಾಖಿನದು. ಒಬ್ಬೊಬ್ಬರ ಮನೆಯಲ್ಲೂ ನಾನು ಹೇಳಿದ್ದೊಂದು ಮಾತು ಇಪ್ಪತ್ತು ವರ್ಷದಿಂದ ಬೇರು ಬಿಟ್ಟು ಕೂತಿತ್ತು. ಜೇಬಿನಿಂದ ಪೆನ್ನು ತೆಗೆದು ಎಲ್ಲವನ್ನೂ ಬರೆದುಕೊಂಡೆ. ಹನ್ನೊಂದು ಆದವು. ನಾಲ್ಕಕ್ಕೆ ಅಲ್ಲೇ ಉತ್ತರ ಹೇಳಿದೆ, ಉಳಿದವನ್ನು ಕೇಳಿ ತಿಳಿಸುತ್ತೇನೆ ಎಂದೆ.

ತಲೆ ಎತ್ತಿದಾಗ ಮೌಲಾಸಾಬ ಅಲ್ಲಿರಲಿಲ್ಲ. ಓಡಿದಂತೆ ಹೊರಗೆ ಬಂದರೆ, ಅಂಗಡಿಯ ಅಟ್ಟದಿಂದ ಇಳಿಸಿದ ಆ ಜೋಡಿ ಗಾದಿಯನ್ನು ತಲೆಯ ಮೇಲೆ ಹೊತ್ತು ಬಸ್ಸಿನ ಹಾದಿ ಹಿಡಿದಿದ್ದ. “ಮೊದಲು ಹೋಗೂದು, ಆಮೇಲೆ ಉಣಿಸೂದು. ಹೌದಿಲ್ರಿ?” ಎಂದ, ನನ್ನ ಕಡೆ ನೋಡದೆ. ಹೌದು ಎಂದೆ. “ನೀವೂ ಬರ್ರಿ. ಬಾಗಿಲದಾಗ ನಿಲ್ಲಾಕ ಬೇಕು.” ಬಸ್ಸು ಹಿಡಿದು ಬಬಲೇಶ್ವರಕ್ಕೆ ಬಂದೆವು.

ಮೌಲಾಸಾಬ ತಂಗಿಯ ಹೊಸ್ತಿಲ ಮುಂದೆ ನಿಂತ. ಬಲಗೈಯ ಬೆರಳು ಮಡಚಿದ, ಬಿಚ್ಚಿದ. ಊರ ಮುಂದೆ ನಾನು ಸುಳ್ಳೆಂದು ಒಪ್ಪಿಕೊಂಡ ಮೇಲೂ ಆ ಮಾತು ಅವನ ಮೈಯಲ್ಲಿ ಉಳಿದಿತ್ತು. ಕಣ್ಣು ಮುಚ್ಚಿ ಒಳಗೆ ಕಾಲಿಟ್ಟ. ಇಟ್ಟು ಮತ್ತೊಮ್ಮೆ ಬೆರಳು ಆಡಿಸಿ ನೋಡಿದ.

ಪೀರಾಂಬಿ ಗೋಡೆಗೆ ಒರಗಿ ಕೂತಿದ್ದಳು, ಮೂಳೆಗಳಷ್ಟೇ ಉಳಿದಿದ್ದವು. ಅಣ್ಣನನ್ನೂ ಗಾದಿಯನ್ನೂ ನೋಡಿದಳು.

“ಬಂಡಿ ಈಗ ಬಂದ ಮುಟ್ಟತೇನೋ ಯಣ್ಣಾ?”

ಅವನು ಗಾದಿ ಇಳಿಸಿ ಅದರ ಮೇಲೆ ತಲೆಯಿಟ್ಟು ಅತ್ತ. “ಅವಗ ನೀರ ಕೊಡ್ರಿ,” ಎಂದಳು. ಆಮೇಲೆ, “ತಡೀರಿ, ನಾನ ಕೊಡ್ತೇನಿ,” ಎಂದು ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದಳು. ಅರ್ಧ ನೀರು ಅವಳ ಸೀರೆಯ ಮೇಲೆಯೇ ಚೆಲ್ಲಿತು.

ಇಷ್ಟಕ್ಕೆ ಹದಿಮೂರು ವರ್ಷ ಬೇಕಾಗಿತ್ತೇ.

೩೦ ಜನವರಿ

ಪೀರಾಂಬಿ ನಿನ್ನೆ ತೀರಿಕೊಂಡಳು. ಮಣ್ಣಿಗೆ ಹೋಗಿ ಬಂದೆ. ಮೌಲಾಸಾಬ ಅಷ್ಟೂ ದಿನ ಅಲ್ಲೇ ಇದ್ದನಂತೆ. ಗಾದಿಯ ಹತ್ತಿ ಗಂಟುಗಟ್ಟಿದೆ, ತಂಗಿಗೆ ಚುಚ್ಚುತ್ತದೆ ಎಂದು ಬಿಲ್ಲು ತರಿಸಿ ಪಡಸಾಲೆಯಲ್ಲೇ ಹೊಸದಾಗಿ ಹಿಂಜಿ ಹೊಲಿದನಂತೆ. ಆ ಸದ್ದು ಕೇಳುತ್ತ ಅವಳು ನಿದ್ದೆ ಮಾಡುತ್ತಿದ್ದಳು ಎಂದು ಹಸನಸಾಬ ಹೇಳಿದ.

ಅಣ್ಣ ತಂಗಿಗೆ ಸಿಕ್ಕಿದ್ದು ಒಂಬತ್ತು ದಿನ. ಹಸನಸಾಬ ಕೇಳಿದ ದಿನವೇ ಹೇಳಿದ್ದರೆ ಇನ್ನೂ ಏಳು ದಿನ ಸಿಗುತ್ತಿತ್ತು, ಒಂಬತ್ತನೇ ತಾರೀಖಿಗೇ ನಾನು ಎದ್ದು ಹೋಗಿದ್ದರೆ ಹನ್ನೊಂದು. ಎಷ್ಟು ಕೂಡಿಸಿದರೂ ಹದಿಮೂರು ವರ್ಷ ಆಗುವುದಿಲ್ಲ.

೧ ಫೆಬ್ರವರಿ

ಮುನ್ನುಡಿಯ ಮೊದಲ ಸಾಲು ಹೊಡೆದು ಹಾಕಿದೆ. ಇಪ್ಪತ್ತೆರಡು ಪದಗಳ ಮುಂದೆ ಜಾಗ ಖಾಲಿ ಬಿಡಲು ಹೇಳಿದೆ, ತಿಳಿದವರನ್ನು ಕೇಳಿ ತುಂಬಬೇಕು. ಬಸಗೊಂಡಪ್ಪ ತಲೆ ಮೇಲೆ ಕೈ ಹೊತ್ತ. “ಮಿಲಾದಕ್ಕ ಆಗೂದಿಲ್ಲ ಅನ್ರಿ. ಜೋಡಿಸಿದ ಮೊಳಿ ಎಲ್ಲಾ ಕೀಳಬೇಕು. ನಿಮಗೇನಾಗೇತಿ ಈಗೀಗ? ಮೊದಲ ಕೇಳೂದ ತಡಾ ಹೇಳತಿದ್ರಿ.” ನನಗೇನೂ ಆಗಿಲ್ಲ. ಮೊಳೆ ಕೀಳುವುದು ಅವನ ಕೆಲಸ, ಕೀಳಲಿ.

ಆಯತ್ ಅಂದರೆ ಸಾಲು ಎಂದು ಅವತ್ತು ತಪ್ಪು ಹೇಳಿದ್ದೆ ಎಂದೂ ಅವನಿಗೆ ತಿಳಿಸಿದೆ. ಅವನಿಗೆ ಅದು ನೆನಪೇ ಇರಲಿಲ್ಲ.

೫ ಫೆಬ್ರವರಿ, ಭಾನುವಾರ

ಮೌಲಾಸಾಬ ಇವತ್ತು ಕಫ್ಫಾರಾದ ಊಟ ಹಾಕಿದ. ಹತ್ತು ಮಂದಿಗೆ ಎರಡು ಹೊತ್ತು. ಬಾ ಎಂದು ನನಗೆ ಹೇಳಿ ಕಳಿಸಿದ್ದ. ಹೋಗದೆ ಇರಲು ಮೂರು ನೆಪ ಹುಡುಕಿದೆ, ಮೂರನ್ನೂ ಜುಲೇಖಾ ಬಿಸಾಕಿದಳು.

ದಿನಾ ಮನೆಯವರು ಉಣ್ಣುವ ಊಟವೇ ಇರಬೇಕೆಂದು ನಾನು ಹೇಳಿದ್ದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿ. ಅಂಗಡಿಯ ಹತ್ತಿ ಸರಿಸಿ ಚಾಪೆ ಹಾಸಿದ್ದರು. ಇಲ್ಲದವರು ಹತ್ತು ಜನ ಸಾಲಾಗಿ ಕೂತರು. ಮೌಲಾಸಾಬ ನನ್ನನ್ನೂ ಆ ಸಾಲಿನ ತುದಿಗೇ ಕೂರಿಸಿದ. ಬೇರೆ ಕಡೆ ಚಾಪೆ ಇರಲಿಲ್ಲ, ಅಥವಾ ಹಾಸಿರಲಿಲ್ಲ.

ಹತ್ತನೆಯವಳು ಬೋರವ್ವ, ಊರ ಹೊರಗೆ ಕುರಿ ಕಾಯುತ್ತಿದ್ದವಳು, ಈಗ ಕಣ್ಣು ಕಾಣುವುದಿಲ್ಲ. ಮಾಶಾಬಿ ರೊಟ್ಟಿಯ ಬುಟ್ಟಿ ಹಿಡಿದು ಬಂದವಳು ಬೋರವ್ವನ ಮುಂದೆ ನಿಂತಳು. ಹದಿಮೂರು ವರ್ಷದ ಮೇಲೆ ಮೊದಲ ಸಲ ನನಗೆ ನೇರವಾಗಿ ಪ್ರಶ್ನೆ ಕೇಳಿದಳು.

“ಮುಲ್ಲಾಸಾಬ್ರ, ಇಕಿ ನಮ್ಮ ಮಂದಿ ಅಲ್ಲ. ಕುರಾನಿನಾಗ ಮಿಸ್ಕೀನ ಅಂದದ್ದರಾಗ ಇಕಿನೂ ಬರತಾಳೇನ್ರಿ? ಹತ್ತ ತುಂಬತೈತೇನು?”

ಎಲ್ಲರೂ ನನ್ನ ಕಡೆ ತಿರುಗಿದರು. ಬೋರವ್ವ ಕೂಡ ಧ್ವನಿ ಬಂದ ಕಡೆ ಮುಖ ಮಾಡಿ ಕಾಯುತ್ತಿದ್ದಳು.

“ನನಗ ಗೊತ್ತಿಲ್ಲವಾ,” ಎಂದೆ. “ಅದರಾಗ ಎರಡ ಥರಾ ಹೇಳ್ತಾರಂತ ಕೇಳೇನಿ. ವಿಜಾಪುರದಾಗ ತಿಳದವ್ರ ಅದಾರ, ನಾಳೆ ಕೇಳಿ ಹೇಳ್ತೇನಿ. ಅಲ್ಲೀ ತನಕಾ ಇಕಿಗೂ ಹಾಕ್ರಿ, ಹತ್ತ ತುಂಬಾಕ ಇನ್ನೊಬ್ಬರಿಗೂ ಹಾಕ್ರಿ.”

ಮಾಶಾಬಿ ಕೈಯಲ್ಲಿ ರೊಟ್ಟಿ ಹಿಡಿದು ಹಾಗೇ ನಿಂತಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅವತ್ತ ಇಷ್ಟ ಅಂದಿದ್ರ ಸಾಕಿತ್ರಿ,” ಎಂದಳು. “ಮರುದಿನಾ ಮುಂಜಾನೆ ವಿಜಾಪುರಕ್ಕ ನಡಕೊಂತ ಹೋಗಿ ನಾನ ಕೇಳಿಕೊಂಡ ಬರತಿದ್ನಿ.”

ಬೋರವ್ವನ ತಾಟಿಗೆ ರೊಟ್ಟಿ ಹಾಕಿದಳು. ಮುಂದೆ ಬಂದು ನನ್ನ ತಾಟಿಗೂ ಒಂದು ಹಾಕಿ, ಬಿಸಿ ಇರುವಾಗಲೇ ಉಣ್ಣಿರಿ ಎಂದಳು. ತಲೆ ತಗ್ಗಿಸಿ ಉಂಡೆ.